ಬಕ್‌ಲಾಯ್ ಬಿಗಿದ ಬೆತ್ತ

ನನ್ನ ತಮ್ಮ ಬಕ್‌ಲಾಯ್ ಒಳ್ಳೆಯವನು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಕೆಟ್ಟವನು ಎಂದರೆ ಹೇಳಿದವರ ಹಲ್ಲು ಉದುರಿಸುತ್ತೇನೆ. ಹೇಳುವುದಿದ್ದರೆ ನಾನು ಹೇಳಬೇಕು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ನಾನು.

ಅವನಿಗೆ ಈಗ ಅರವತ್ತೊಂದು. ಕಸುಬು ಏಡಿ ಹಿಡಿಯುವ ಬುಟ್ಟಿ ಹೆಣೆಯುವುದು. ಪ್ಲಾಸ್ಟಿಕ್ ಬಲೆ ಬಂದು ಬುಟ್ಟಿ ಕೇಳುವವರೇ ಇಲ್ಲವಾದರೂ ಬಿಡಲಿಲ್ಲ. ಹೆಣೆದು ಹೆಣೆದು ಅಟ್ಟಕ್ಕೆ ಎಸೆಯುತ್ತಿದ್ದ. "ಯಾರಿಗೋ ಇವು, ಇಲಿಗಳಿಗಾ?" ಎಂದರೆ ತಲೆ ಎತ್ತದೆ ಮುಂದಿನ ಬುಟ್ಟಿಗೆ ಬೆತ್ತ ಸೀಳುತ್ತಿದ್ದ. ಮನೆಯಲ್ಲಿ ಹೀಗಿದ್ದವನು ಹೊಸ ವರ್ಷದ ಇಪ್ಪತ್ತೊಂದನೆಯ ದಿನ ಮಾತ್ರ ಊರಿಗೇ ದೊಡ್ಡ ಮನುಷ್ಯ. ಆ ದಿನ ನಮ್ಮ ಊರದೇವರು ಒಡೆಯನ ಮೂರ್ತಿಯನ್ನು ಪಲ್ಲಕ್ಕಿಗೆ ಬಿಗಿಯುವವನು ಅವನು.

ದಕ್ಷಿಣ ಚೀನಾದ ಕಡಲೂರು, ನಮ್ಮ ಹಾಯ್‌ಪೋದಲ್ಲಿ ದೇವರನ್ನು ಹೊತ್ತು ಸುಮ್ಮನೆ ಊರು ಸುತ್ತುವುದಿಲ್ಲ. ಮೂಡುಕೇರಿಯ ನಾವು ಹೊರುತ್ತೇವೆ, ಪಡುಕೇರಿಯವರು ಎಳೆದು ಕೆಡವುತ್ತಾರೆ. ಗುಡಿಯ ಕೆರೆಗೆ ಮೂರು ಸುತ್ತು. ಅಷ್ಟರಲ್ಲಿ ಒಡೆಯ ಬೀಳದಿದ್ದರೆ ಗೆಲುವು ನಮ್ಮದು, ಬಿದ್ದರೆ ಅವರದ್ದು. ವರ್ಷವಿಡೀ ಕತ್ತಲಲ್ಲಿ ಕೂತು ಬೇಸರ ಬಂದ ಒಡೆಯನಿಗೆ ಎಳೆದಾಡಿದಷ್ಟೂ ಖುಷಿಯಂತೆ. ಅಂದು ಒಡೆದ ತಲೆಗೆ, ಮುರಿದ ಪಕ್ಕೆಲುಬಿಗೆ ಯಾರೂ ದೂರು ಕೊಡುವಂತಿಲ್ಲ. ಶೆನ್‌ಝೆನ್‌ನಲ್ಲಿ ಮೀಟಿಂಗು ಮಾಡುವವರು, ಬ್ಯಾಂಕಾಕಿನಲ್ಲಿ ಅಂಗಡಿ ಇಟ್ಟವರು ಎಲ್ಲ ಓಡಿಬಂದು, ಅಂಗಿ ಬಿಚ್ಚಿ, ಮೈಗೆ ಎಣ್ಣೆ ಬಳಿದು ಹೊಡೆದಾಡಿ, ಮಾರನೆಯ ದಿನ ಪಟ್ಟಿ ಕಟ್ಟಿಕೊಂಡು ರೈಲು ಹತ್ತುತ್ತಾರೆ.

ಬಕ್‌ಲಾಯ್ ಬಿಗಿದ ಒಡೆಯ ಇಪ್ಪತ್ತೆರಡು ವರ್ಷ ಬಿದ್ದಿರಲಿಲ್ಲ. ಬೆತ್ತದ ಸೀಳನ್ನು ಮೂರು ದಿನ ನೆನೆಹಾಕಿ ಹಸಿಯಾಗಿಯೇ ಬಿಗಿಯುತ್ತಿದ್ದ. ಒಣಗುತ್ತಾ ಬಂದಂತೆ ಅದು ಕಚ್ಚಿಕೊಳ್ಳುತ್ತದೆ. ಪಲ್ಲಕ್ಕಿಯ ಮುಂದಿನ ಬಲಗಡೆ ದಂಡಿಗೆ ಹೊರುವವನ ಮಣಿಕಟ್ಟನ್ನೂ ದಂಡಿಗೆಗೆ ಸೇರಿಸಿ ಕಟ್ಟುವುದು ಹಳೆಯ ಪದ್ಧತಿ. ಆ ಜಾಗ ಆ ವರ್ಷ ಮದುವೆಯಾದವನಿಗೆ ಮೀಸಲು. ಹೊತ್ತವನು ಹೆದರಿ ಕೈಬಿಡಬಾರದು ಎಂದು ಹಾಗೆ. ಅದನ್ನು ಬಿಟ್ಟು ಹತ್ತು ವರ್ಷವಾಗಿತ್ತು, ಹುಡುಗರು ಕೈಗವಸು ಹಾಕಿಕೊಳ್ಳುತ್ತಿದ್ದರು.

ಹೋದ ವರ್ಷ ಆ ದಂಡಿಗೆ ಬಂದದ್ದು ಆಗಷ್ಟೇ ಮದುವೆಯಾಗಿದ್ದ ನನ್ನ ತಮ್ಮನ ಮಗ ಜೂಹಾಂಗನಿಗೆ. ಶೆನ್‌ಝೆನ್‌ನ ಒಂದು ರಿಪೇರಿ ಅಂಗಡಿಯಲ್ಲಿ ಕೆಟ್ಟ ಫೋನು ಬಿಚ್ಚಿ, ಭೂತಗನ್ನಡಿ ಹಿಡಿದು, ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುವುದು ಅವನ ಕೆಲಸ. ಅಂಥ ಕೈ ಅವನದು.

ಬೆಳಿಗ್ಗೆ ಎರಡೂ ಕೇರಿಯವರು ಒಟ್ಟಿಗೆ ಕೂತು ಚಹಾ ಕುಡಿಯಬೇಕು, ಅದೂ ಪದ್ಧತಿಯೇ. ಪಡುಕೇರಿಯ ಮೀನು ವ್ಯಾಪಾರಿ ತೆಕ್‌ಹೂ ನಮ್ಮ ಜಗಲಿಗೆ ಬಂದ. ಚಿಕ್ಕ ಬಟ್ಟಲು ಎತ್ತಿ ಹೀರಿ ಜೂಹಾಂಗನ ಕೈ ನೋಡಿದ.

"ಬಕ್‌ಲಾಯಣ್ಣ, ಇದೇನು ನಿನ್ನ ಮಗನ ಕೈಯೋ ಸೊಸೆ ಕೈಯೋ? ಇಷ್ಟು ನುಣ್ಣಗಿದೆ."

"ಸಂಜೆಗೆ ಗೊತ್ತಾಗುತ್ತೆ ಬಿಡು," ಎಂದ ನನ್ನ ತಮ್ಮ.

"ಕೈಗವಸು ಹಾಕ್ಸಪ್ಪ. ಪಾಪ, ಉಗುರು ಗಿಗುರು ಮುರಿದೀತು."

ತೆಕ್‌ಹೂ ನಕ್ಕು ಹೋದ. ಬಕ್‌ಲಾಯ್ ಎದ್ದು ನೀರಿನ ತೊಟ್ಟಿಯಿಂದ ಇನ್ನೊಂದು ಬೆತ್ತದ ಸೀಳು ತೆಗೆದ. ಮಗನ ಮಣಿಕಟ್ಟಿಗೆ ಎಂದು ನನಗೆ ಗೊತ್ತಾಯಿತು.

"ಅಪ್ಪಾ, ಕೈ ಕಟ್ಟೋದು ಬೇಡ. ನಾನು ಬಿಡಲ್ಲ ಅಂದ್ರೆ ಬಿಡಲ್ಲ," ಎಂದ ಜೂಹಾಂಗ.

"ನನ್ನನ್ನೂ ಕಟ್ಟಿದ್ರು, ನಿಮ್ಮಜ್ಜನ್ನೂ ಕಟ್ಟಿದ್ರು. ನೀನೇನು ಮೇಲಿಂದ ಇಳಿದು ಬಂದೆಯಾ?"

"ಲೋ, ಅವನ ಅನ್ನ ಇರೋದೇ ಆ ಬೆರಳಲ್ಲಿ ಕಣೋ," ಎಂದೆ ನಾನು.

"ಅಕ್ಕ, ಹೆಂಗಸರು ಒಡೆಯನ ವಿಷಯಕ್ಕೆ ಬಾಯಿ ಹಾಕಬಾರದು."

"ಒಡೆಯನ ವಿಷಯ ಅಲ್ಲ ಇದು, ನಿನ್ನ ಮೀಸೆ ವಿಷಯ."

ಅವನು ಕೇಳಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಜೂಹಾಂಗ ನನ್ನ ಕಡೆ ನೋಡಿ ಬಲಗೈ ಮುಂದೆ ಚಾಚಿದ. ಅಪ್ಪನ ಎದುರು ಎರಡನೆಯ ಸಲ ಬೇಡ ಎನ್ನುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಬಿಗಿದದ್ದು, ಅರ್ಧ ಗಂಟೆಯಲ್ಲಿ ಹೊರಡಬೇಕಿತ್ತು. ಆದರೆ ಆ ವರ್ಷ ಫೋನಿನಲ್ಲಿ ನೇರ ಪ್ರಸಾರ ಮಾಡುವವರು ಡ್ರೋನು ತಂದಿದ್ದರು. ಗಾಳಿ ನಿಲ್ಲಲಿ, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎನ್ನುತ್ತಾ ಹನ್ನೊಂದೂವರೆ ಮಾಡಿದರು. ಚುರುಗುಟ್ಟುವ ಬಿಸಿಲು. ಬೆತ್ತ ಒಣಗಿ ಬಿಳಿಚಿಕೊಂಡಿತು. ಹಸಿ ಬೆತ್ತವನ್ನು ಬಿಸಿಲಲ್ಲಿ ಅಷ್ಟು ಹೊತ್ತು ಬಿಡಬಾರದೆಂದು ನನ್ನ ತಮ್ಮನಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿ ಇರಲಿಲ್ಲ. ಆದರೂ ಬಿಚ್ಚಿ ಮತ್ತೆ ಕಟ್ಟಲಿಲ್ಲ. ಒಮ್ಮೆ ಬಿಗಿದ ಮೇಲೆ ಒಡೆಯನ ಗಂಟು ಬಿಚ್ಚುವುದು ಅಪಶಕುನ. ಜೂಹಾಂಗನ ಬೆರಳು ಆಗಲೇ ನೀಲಿಯಾಗಿತ್ತು.

ಪಟಾಕಿ ಸರ ಹೊತ್ತಿಸಿದರು, ಪಲ್ಲಕ್ಕಿ ಎದ್ದಿತು.

ಮೊದಲ ಸುತ್ತು ನಮ್ಮವರು ನುಗ್ಗಿದರು. ಪಡುಕೇರಿಯವರು ಕೆರೆಯ ಮೂಲೆಯಲ್ಲಿ ಕಾದಿದ್ದು ಮೇಲೆ ಬಿದ್ದರು. ಒಬ್ಬ ದಂಡಿಗೆಗೆ ಜೋತುಬಿದ್ದ, ನಮ್ಮವರೊಬ್ಬ ಮೊಣಕಾಲಿನಿಂದ ಅವನ ಮುಖಕ್ಕೆ ಕೊಟ್ಟ, ಹಲ್ಲು ರಕ್ತದೊಂದಿಗೆ ಉದುರಿತು. ಇನ್ನೊಬ್ಬ ನಮ್ಮ ಹುಡುಗನ ಕಿವಿ ಕಚ್ಚಿ ಹಿಡಿದ, ಬಿಡಿಸಿದಾಗ ಕಿವಿಯ ತುದಿ ಅವನ ಬಾಯಲ್ಲೇ ಉಳಿಯಿತು. ಎಣ್ಣೆ, ಕೆಸರು, ರಕ್ತ ಎಲ್ಲ ಕಲಸಿ ಯಾರು ಯಾವ ಕೇರಿ ಎಂದು ತಿಳಿಯದಾಯಿತು. ಸುತ್ತಲೂ ಸಾವಿರ ಜನ ಫೋನು ಎತ್ತಿ ಹಿಡಿದು ಹುರುಪಿನಿಂದ ಕೂಗುತ್ತಿದ್ದರು. ನಾನೂ ಕೂಗಿದೆ. ಸುಳ್ಳೇಕೆ ಹೇಳಲಿ, ಆ ದಿನ ನನ್ನ ರಕ್ತವೂ ಕುದಿಯುತ್ತದೆ.

ಎರಡನೆಯ ಸುತ್ತಿನಲ್ಲಿ ತೆಕ್‌ಹೂ ಮತ್ತು ಅವನ ಕಡೆಯ ಎಂಟು ಜನ ಪಲ್ಲಕ್ಕಿಯ ಬಲಮಗ್ಗುಲನ್ನು ಹಿಡಿದು ತಿರುಚಿದರು. ಉಳಿದ ಮೂವರು ಹೊರುವವರು ದಂಡಿಗೆ ಬಿಟ್ಟು ಉರುಳಿದರು. ಜೂಹಾಂಗ ಉರುಳುವಂತಿರಲಿಲ್ಲ. ದಂಡಿಗೆ ಅವನನ್ನು ಎಳೆದುಕೊಂಡೇ ಹೋಯಿತು. ಮೊಣಕೈ ಒಂದು ಕಡೆ, ಮುಂಗೈ ಒಂದು ಕಡೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಎಲುಬು ಮುರಿದು ಚರ್ಮ ಸೀಳಿ ಹೊರಗೆ ಬಂತು. ಪಲ್ಲಕ್ಕಿ ಅರ್ಧ ವಾಲಿ ಅವನ ಮೇಲೇ ನಿಂತಿತು, ಹೊತ್ತ ಭಾರವೆಲ್ಲ ಆ ಒಂದು ಬೆತ್ತದ ಕಟ್ಟಿನ ಮೇಲೆ.

"ಅಪ್ಪಾ, ಕೊಯ್ಯಿ" ಎಂದು ಕೂಗಿದ.

ಬೆತ್ತ ಬಿಗಿಯುವವನ ಸೊಂಟದಲ್ಲಿ ಮಾತ್ರ ಕುಡುಗೋಲು ಇರುತ್ತದೆ, ಬೇರೆಯವರು ಆಯುಧ ತರುವಂತಿಲ್ಲ. ಬಕ್‌ಲಾಯ್ ಪಲ್ಲಕ್ಕಿಯಿಂದ ಐದು ಮಾರು ದೂರದಲ್ಲಿದ್ದ. ಕುಡುಗೋಲು ಕೈಯಲ್ಲಿ ಹಿಡಿದಿದ್ದ. ಮಗನನ್ನು ಬಿಡಿಸಿದರೆ ಪಲ್ಲಕ್ಕಿಗೆ ಆಧಾರವಿಲ್ಲ, ಒಡೆಯ ಬೀಳುತ್ತಾನೆ. ಅವನು ಒಡೆಯನನ್ನು ನೋಡುತ್ತಾ ನಿಂತ.

ಮತ್ತೆ ಕೂಗಿದ ಹುಡುಗ. ನಾನು ಜನರನ್ನು ಗುದ್ದಿಕೊಂಡು ಹೋಗಿ ತಮ್ಮನ ಬೆನ್ನಿಗೆ ಎರಡೂ ಮುಷ್ಟಿಯಿಂದ ಬಡಿದೆ. "ಕೊಯ್ಯೋ ಪಾಪಿ, ನಿನ್ನ ಮಗ ಕಣೋ" ಎಂದೆ. ಅವನು ಕದಲಲಿಲ್ಲ. ನಮ್ಮವರು ಏಳುತ್ತಿದ್ದರು, ಇನ್ನೇನು ಹೆಗಲು ಕೊಡುತ್ತಾರೆ ಎಂದು ಕಾದ. ಕೊಡಲಿಲ್ಲ. ಮೂರನೆಯ ಸಲ ಜೂಹಾಂಗ ಕೂಗಿದ್ದು ಮಾತಾಗಿರಲಿಲ್ಲ, ಹಂದಿ ಕೊಯ್ಯುವಾಗ ಬರುವ ಸದ್ದಾಗಿತ್ತು. ಆಗ ನನ್ನ ತಮ್ಮ ಓಡಿದ. ಒಣಗಿದ ಬೆತ್ತ ಒಂದೇಟಿಗೆ ತುಂಡಾಗಲಿಲ್ಲ. ನಾಲ್ಕು ಏಟು ಹಾಕಿದ.

ಒಡೆಯ ಮುಗ್ಗರಿಸಿ ಕಲ್ಲುಚಪ್ಪಡಿಯ ಮೇಲೆ ಬಿದ್ದ. ಬಣ್ಣದ ಮಣ್ಣಿನ ತಲೆ ಹೋಳಾಯಿತು. ಪಡುಕೇರಿ ಕೇಕೆ ಹಾಕಿತು.

ನಮ್ಮವರು ಕುಡುಗೋಲು ಕಂಡರು. ಇಪ್ಪತ್ತೆರಡು ವರ್ಷದ ಮಾನ ಮಣ್ಣುಪಾಲು ಮಾಡಿದವನು ತಮ್ಮ ಕೇರಿಯವನೇ ಎಂದು ತಿಳಿದದ್ದೇ ತಡ, ಮುರಿದ ದಂಡಿಗೆ ಎತ್ತಿಕೊಂಡು ಬಡಿದರು. ಚಿಕ್ಕಪ್ಪನ ಮಕ್ಕಳೇ ಬಡಿದರು. ಬಕ್‌ಲಾಯ್ ತಲೆಯ ಮೇಲೆ ಕೈ ಕೂಡ ಇಡಲಿಲ್ಲ. ಮೂರು ಪಕ್ಕೆಲುಬು ಮುರಿಯಿತು, ಒಂದು ಕಣ್ಣು ಊದಿ ಮುಚ್ಚಿತು. ಬಿಡಿಸಲು ಹೋದ ನನ್ನ ಹಣೆಗೂ ಬಿತ್ತು, ಗುರುತು ಇನ್ನೂ ಇದೆ. ಕೊನೆಗೆ ಅವನ ಮೇಲೆ ಅಡ್ಡ ಬಿದ್ದು ಕಾಪಾಡಿದವನು ತೆಕ್‌ಹೂ. "ಸಾಕು ಬಿಡ್ರೋ ನಾಯಿಗಳಾ, ಗೆದ್ದವರು ನಾವು, ಹೊಡೆಯೋರು ನೀವಾ?" ಎಂದು ಬೈದ.

ಅಪ್ಪ ಮಗ ಇಬ್ಬರನ್ನೂ ಒಂದೇ ವಾರ್ಡಿಗೆ ಹಾಕಿದರು. ನಾಲ್ಕು ದಿನದ ಮೇಲೆ ವೈದ್ಯೆ ಬಂದು, ಕೈ ಉಳಿಯುತ್ತದೆ, ಬೆರಳು ಆಡುವುದಿಲ್ಲ ಎಂದಳು. ಕಟ್ಟಿನ ಮೇಲೆ ಭಾರ ಬಿದ್ದು ನರ ಹರಿದಿದೆ, ಒಂದೆರಡು ನಿಮಿಷ ಮೊದಲು ಬಿಡಿಸಿದ್ದರೆ ಮಾತು ಬೇರೆ ಇತ್ತು ಎಂದಳು. ಜೂಹಾಂಗನ ಹೆಂಡತಿ ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತಳು. ನಾನು ಹುಡುಗನ ಪಕ್ಕ ಕೂತೆ.

"ಪಟಾಕಿ ಸದ್ದು ಕಣಪ್ಪಾ. ನಿಮ್ಮಪ್ಪನಿಗೆ ಕೇಳಿಸಲೇ ಇಲ್ಲ. ಕೇಳಿಸಿದ ತಕ್ಷಣ ಓಡಿದ," ಎಂದೆ.

ಆ ಸುಳ್ಳಿಗೆ ನನಗೆ ನಾಚಿಕೆಯಿಲ್ಲ. ಅಪ್ಪ ಮಗನ ಮಧ್ಯೆ ಬೆಂಕಿ ಬಿದ್ದಾಗ ಸುಳ್ಳಾದರೇನು, ನೀರು ಸುರಿಯಬೇಕು.

ಜೂಹಾಂಗ ಪಕ್ಕದ ಹಾಸಿಗೆಯ ಕಡೆ ತಿರುಗಿದ. "ಹೌದಾಪ್ಪಾ? ಕೇಳಿಸಲಿಲ್ವಾ?"

ನನ್ನ ತಮ್ಮ ಬಾಯಿ ಬಿಟ್ಟು ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬದುಕಿನಲ್ಲಿ ಒಂದು ಸಲವಾದರೂ ಬುದ್ಧಿ ಉಪಯೋಗಿಸು ಎಂದು ಕಣ್ಣಲ್ಲೇ ಬೇಡಿಕೊಂಡೆ.

"ಮೊದಲನೇ ಸಲವೇ ಕೇಳಿಸ್ತು," ಎಂದ ಬಕ್‌ಲಾಯ್.

ಜೂಹಾಂಗ ಡ್ರಿಪ್ಪಿನ ಸೂಜಿ ಕಿತ್ತು ಹಾಸಿಗೆಯಿಂದ ಇಳಿದ. ಅಪ್ಪನ ಮುಂದೆ ಬಂದು ನಿಂತ. ಎಡಗೈಯಿಂದ ಅವನ ಕೆನ್ನೆಗೆ ಹೊಡೆದ. ಅಭ್ಯಾಸವಿಲ್ಲದ ಕೈ, ಏಟು ಸರಿಯಾಗಿ ಬೀಳಲಿಲ್ಲ. ಮತ್ತೆ ಹೊಡೆದ. ತಂದೆಯ ಮೇಲೆ ಕೈ ಎತ್ತಿದವನ ಹೆಸರನ್ನು ನಮ್ಮ ಕುಲದ ವಂಶಾವಳಿ ಪುಸ್ತಕದಿಂದಲೇ ಹೊಡೆದುಹಾಕುತ್ತಾರೆ, ಸತ್ತ ಮೇಲೆ ಅವನ ಹೆಸರಿಗೆ ಒಂದು ಊದುಬತ್ತಿಯೂ ಇಲ್ಲ. ಬೇರೆ ಯಾರೇ ಹಾಗೆ ಮಾಡಿದ್ದರೂ ನಾನೇ ಅವನ ಕೈ ಮುರಿಯುತ್ತಿದ್ದೆ. ಬಕ್‌ಲಾಯ್ ಕಟ್ಟು ಕಟ್ಟಿದ ಪಕ್ಕೆ ಹಿಡಿದುಕೊಂಡು, ಹುಡುಗನಿಗೆ ಎಟುಕಲಿ ಎಂದು ಮುಖ ಇನ್ನಷ್ಟು ಮುಂದೆ ತಂದ.

ಹೊರಗೆ ನಮ್ಮ ಕೇರಿಯವರು ಹಣ್ಣು ಹಿಡಿದುಕೊಂಡು ನೋಡಲು ಬರುತ್ತಿದ್ದರು. ನಾನು ಎದ್ದು ಹೋಗಿ ಬಾಗಿಲು ಹಾಕಿ, ಚಿಲಕದ ಮೇಲೆ ಕೈಯಿಟ್ಟು ನಿಂತುಕೊಂಡೆ.