ಬಲಗಾಲಿನ ಗೇರು

ಜನವರಿ 18, ಭಾನುವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ನಾವು ಸಿಂಧನೂರು ಬಿಟ್ಟೆವು. ಮುಂದೆ ನನ್ನ ಕಾಕಾ, ನಾನು ಕೊಂಡು ಇಪ್ಪತ್ತೆರಡು ದಿನವಾಗಿದ್ದ ಹೊಸ ಬೈಕಿನ ಮೇಲೆ. ಹಿಂದೆ ನಾನು, ಕಾಕಾ ಮೂವತ್ತೊಂದು ವರ್ಷ ಓಡಿಸಿದ ಹಳೆಯದರ ಮೇಲೆ. ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗಿ, ಅಲ್ಲಿನ ಮಿಸ್ತ್ರಿಯ ಗ್ಯಾರೇಜಿನಲ್ಲಿ ಹಳೆಯದನ್ನು ಬಿಟ್ಟು, ಹೊಸದರ ಮೇಲೆ ಇಬ್ಬರೂ ತಿರುಗಿ ಬರುವುದೆಂದು ಠರಾವಾಗಿತ್ತು. ಹಳೆಯದನ್ನು ಕೊಳ್ಳಲು ಮಿಸ್ತ್ರಿಯ ಕಡೆ ಒಬ್ಬ ಗಿರಾಕಿ ತಯಾರಿದ್ದ.

ಠರಾವು ಕಾಕಾನ ಹೆಂಡತಿ, ನನ್ನ ಕಾಕಿಯದು. ಕಾಕಾನ ಬಲ ಮೊಣಕಾಲು ಸವೆದಿದೆ, ಇನ್ನು ಕಿಕ್ ಹೊಡೆಯಬಾರದು ಎಂದು ಡಾಕ್ಟರು ಹೇಳಿದ ದಿನವೇ ಆಕೆ ಹೇಳಿಬಿಟ್ಟಿದ್ದಳು: "ಕಿಕ್ ಬಿಡ್ರಿ, ಇಲ್ಲಾ ಗಾಡಿ ಬಿಡ್ರಿ. ಎರಡರಾಗ ಒಂದು."

ಗಾಡಿ ಬಿಟ್ಟರೆ ಕಾಕಾನಿಗೆ ಮನೆಯ ಕಟ್ಟೆಯೇ ಗತಿ. ಆತ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ನಿವೃತ್ತಿಯಾದ ಮೇಲೂ ಸಾಲಗುಂದದಿಂದ, ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪುಗಳಿಂದ ಫೋನು ಬರುವುದು ನಿಂತಿಲ್ಲ. ಎಮ್ಮೆಗೆ ಈಯಲು ತ್ರಾಸಾಗಿದೆ, ಹೋರಿಯ ಕಾಲು ಉಳುಕಿದೆ ಎಂದರೆ ಆತ ಹೊರಟೇಬಿಡುತ್ತಾನೆ. ಅವರೆಲ್ಲ ಆತನನ್ನು ಡಾಕ್ಟ್ರು ಎಂದೇ ಕರೆಯುವುದು.

ಕಾಕಿಗೆ ಪುರಾವೆ ಒದಗಿಸಿದ್ದು ನನ್ನ ಡೈರಿ. ಹದಿನಾಲ್ಕು ಮುಂಜಾನೆ, ಐವತ್ತೆಂಟು ಕಿಕ್. ಕಡಿಮೆ ಎಂದರೆ ಒಂದು, ಹೆಚ್ಚೆಂದರೆ ಹನ್ನೊಂದು. ಒಂದು ಸಲ ಕಿಕ್ ತಿರುಗಿ ಬಡಿದು ಕಾಲು ನೀಲಿಗಟ್ಟಿತ್ತು. ಇನ್ನು ಮೇಲೆ ಕಾಕಾ ಓಡಿಸಬೇಕಾದ ನನ್ನ ಹೊಸದಕ್ಕೆ ಸೆಲ್ಫ್ ಇದೆ, ಬಟನ್ ಒತ್ತಿದರೆ ಸಾಕು. ನೋಡಲು ಹಳೆಯದರ ತಮ್ಮನ ಹಾಗೇ ಇದೆ: ಅದೇ ದುಂಡು ದೀಪ, ಅದೇ ಹೊಟ್ಟೆ ಉಬ್ಬಿದ ಟ್ಯಾಂಕು, ಟ್ಯಾಂಕಿನ ಮೇಲೆ ಅದೇ ಬಂಗಾರದ ಗೆರೆ.

ಎರಡನ್ನೂ ಹೋಲಿಸಿ ನಾನು ಹನ್ನೆರಡು ಸಾಲಿನ ಪಟ್ಟಿ ಮಾಡಿದ್ದೆ. ದೀಪ, ಬ್ರೇಕು, ಮೈಲೇಜು, ಎಣ್ಣೆ ಸೋರುವುದು ಎಲ್ಲದರಲ್ಲೂ ಹೊಸದೇ ಮುಂದು. ಹಳೆಯದು ಗೆದ್ದದ್ದು ಸಪ್ಪಳದಲ್ಲಿ. ಕಾಕಾನ ಗಾಡಿ ಕಾಲುವೆ ಏರಿಯ ಮೇಲೆ ಇದ್ದಾಗಲೇ ಅದರ ದಡಬಡ ಊರಿಗೆ ಕೇಳಿಸುತ್ತದೆ, ಆತ ಮುಟ್ಟುವುದರೊಳಗೆ ಜನ ದನ ಹಿಡಿದು ಕಟ್ಟಿರುತ್ತಾರೆ. ಒಮ್ಮೆ ಆತನನ್ನು ಹಿಂದೆ ಕೂರಿಸಿಕೊಂಡು ಹೊಸದರ ಮೇಲೆ ಸಾಲಗುಂದಕ್ಕೆ ಹೋದೆ. ಆತ ನೋಡಬೇಕಾಗಿದ್ದ ಎಮ್ಮೆ ಗದ್ದೆಯ ಬದುವಿನ ಮೇಲೆ ಆರಾಮಾಗಿ ಮೇಯುತ್ತಿತ್ತು. "ಸಪ್ಪಳನ ಬರಲಿಲ್ಲಲ್ರೀ ಡಾಕ್ಟ್ರೇ, ಪೋಸ್ಟಿನವ ಬಂದಾನ ಅಂದ್ಕೊಂಡೆ" ಎಂದಳು ಮನೆಯಾಕೆ. ಎಮ್ಮೆಯನ್ನು ಹಿಡಿದು ತರಲು ಇಪ್ಪತ್ತೈದು ನಿಮಿಷ ಬೇಕಾಯಿತು.

ಪಟ್ಟಿಯ ಏಳನೇ ಸಾಲು ಕಾಲಿನದು. ಹಳೆಯದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸದರಲ್ಲಿ ಅದಲು ಬದಲು. ಕೆಳಗೆ ಒತ್ತಿದರೆ ಹಳೆಯದರ ಗೇರು ಏರುತ್ತದೆ, ಹೊಸದರದು ಇಳಿಯುತ್ತದೆ. ಅದರ ಮುಂದೆ ನಾನು ಬರೆದದ್ದು ಒಂದೇ ಮಾತು: 'ರೂಢಿಯಾಗುತ್ತದೆ.'

ರೂಢಿ ಮಾಡಿಸಲು ಗುರುವಾರ, ಶುಕ್ರವಾರ ಸಂಜೆ ಕಾಕಾನನ್ನು ಮೈದಾನಕ್ಕೆ ಕರೆದೊಯ್ದೆ. ನಾನು ಕೈ ಎತ್ತಿದಾಗ ಆತ ನಿಲ್ಲಿಸಬೇಕು. ಮೊದಲ ಇಪ್ಪತ್ತರಲ್ಲಿ ತಪ್ಪು ಒಂಬತ್ತು, ಕೊನೆಯ ಇಪ್ಪತ್ತರಲ್ಲಿ ಒಂದು. ಪಾಸು ಎಂದು ಬರೆದುಕೊಂಡೆ. ಹಳೆಯದನ್ನು ನಾನು ಓಣಿಯಲ್ಲಿ ನಾಲ್ಕು ಸುತ್ತು ಹಾಕಿದ್ದು ಬಿಟ್ಟರೆ ಹೆದ್ದಾರಿಗೆ ಒಯ್ದವನಲ್ಲ. ನನ್ನ ಕಾಲಿನ ಲೆಕ್ಕ ಇಡಬೇಕೆಂದು ಹೊಳೆಯಲೇ ಇಲ್ಲ.

ಊರು ದಾಟಿದ ಮೇಲೆ ಎರಡೂ ಕಡೆ ನಾಟಿಗೆ ಗದ್ದೆ ಕಲಸುತ್ತಿದ್ದರು. ಕಾಕಾ ನಲವತ್ತರ ವೇಗದಲ್ಲಿದ್ದ. ನಾನು ಮೂವತ್ತು ಮಾರು ಹಿಂದೆ, ಆತನ ಕಾಲುಗಳ ಮೇಲೆಯೇ ಕಣ್ಣಿಟ್ಟಿದ್ದೆ. ಗೇರು ಬದಲಿಸುವಾಗ ಬಲಗಾಲು ಒಮ್ಮೆ ಮಿಡುಕಿತು, ಮತ್ತೆ ಸುಮ್ಮನಾಯಿತು. ಒಂದು ಎಂದು ಮನಸ್ಸಿನಲ್ಲಿ ಎಣಿಸಿಕೊಂಡೆ.

7 ಗಂಟೆ 10ರ ಸುಮಾರಿಗೆ ಎಡಗಡೆಯ ಗದ್ದೆಯಿಂದ ಒಂದು ಟ್ರ್ಯಾಕ್ಟರ್ ನೇರ ರಸ್ತೆಗೆ ಏರಿತು. ಅದರ ಕಬ್ಬಿಣದ ಜಾಲರಿ ಗಾಲಿಗಳಿಂದ ಕೆಸರು ಉದುರಿ ಡಾಂಬರಿನ ಮೇಲೆ ಬೀಳುತ್ತಿತ್ತು. ಕಾಕಾನ ಗಾಡಿ ಒಮ್ಮೆ ಜಗ್ಗಿ ನಿಂತಿತು. ನಾನು ಬಲಗಾಲು ಒತ್ತಿದೆ.

ಗಾಡಿ ನಿಲ್ಲಲಿಲ್ಲ. ಇನ್ನೂ ಬಲವಾಗಿ ಒತ್ತಿದೆ. ಮೂರರಲ್ಲಿದ್ದ ಗೇರು ನಾಲ್ಕಕ್ಕೆ ಬಿದ್ದಿತ್ತು. ಕೈಬ್ರೇಕು ಹಿಡಿದೆ, ಅದು ಹೆಸರಿಗಷ್ಟೇ ಇತ್ತು. ಕಾಕಾನ ಬೆನ್ನು, ಹೊಸ ಗಾಡಿಯ ಕೆಂಪು ದೀಪ, ಟ್ರ್ಯಾಕ್ಟರಿನ ಗಾಲಿ, ಮೂರೂ ಒಂದೇ ಗೆರೆಯಲ್ಲಿ ಹತ್ತಿರವಾಗುತ್ತಿದ್ದವು. ಹಾರ್ನ್ ಒತ್ತುವುದು ನೆನಪಾಗಲಿಲ್ಲ.

ಕಾಕಾ ತಿರುಗಿ ನೋಡಲಿಲ್ಲ. ಗೇರು ಹಾಕಿ ಹೊಸದನ್ನು ಒಮ್ಮೆಲೇ ಬಲಕ್ಕೆ, ರಸ್ತೆಯ ಮಗ್ಗುಲಿನ ಮಣ್ಣಿಗೆ ಇಳಿಸಿದ. ಆತ ಬಿಟ್ಟ ಜಾಗದಲ್ಲಿ ನಾನು ನುಗ್ಗಿದೆ. ಆಗ ಎಡಗಾಲು ತಾನಾಗಿ ಬ್ರೇಕು ಒತ್ತಿತು. ಹಿಂದಿನ ಗಾಲಿ ಕೆಸರಿನಲ್ಲಿ ಜಾರಿ ಗಾಡಿ ಅಡ್ಡ ಬಿತ್ತು. ಜಾಲರಿ ಗಾಲಿಗೂ ನನ್ನ ತಲೆಗೂ ನಡುವೆ ಒಂದು ಮೊಳ. ಇದು ಅಂದಾಜಲ್ಲ, ಆಮೇಲೆ ಅಳತೆ ಮಾಡಿದ್ದೇನೆ.

ಟ್ರ್ಯಾಕ್ಟರಿನವನು ಇಳಿದು ಬಂದು ಕಾಕಾನ ಗುರುತು ಹಿಡಿದ. "ಡಾಕ್ಟ್ರೇ, ನೀವು ಬಂದ ಸಪ್ಪಳ ಕೇಳಿದ್ರ ಎಮ್ಮಿ ಕಟ್ತಿದ್ವಿ. ಇನ್ನ ಮ್ಯಾಲ ಈ ಹುಡುಗನ್ನೂ ಕಟ್ಟಬೇಕೇನ್ರೀ?"

"ಕಟ್ಟಪ್ಪ, ದನಾ ಕಟ್ಟೋ ಗ್ವಾದ್ಲಿ ಖಾಲಿ ಐತಿ" ಎಂದ ಕಾಕಾ. ನನ್ನ ಕೈ ಕಾಲು ಮುಟ್ಟಿ ಮುಟ್ಟಿ ನೋಡಿದ, ದನದ ಎಲುಬು ನೋಡುವ ಹಾಗೆ. ಅಂಗೈ ತರಚಿತ್ತು, ಅಷ್ಟೇ.

"ನೀ ತಿರುಗಿ ನೋಡಲಿಲ್ಲ. ಹೆಂಗ ಗೊತ್ತಾತು ಕಾಕಾ?"

"ಅದರ ದನಿ ಬದಲಾತಲ್ಲಲೇ. ನಿಲ್ಲಿಸೋ ಹೊತ್ತಿನ್ಯಾಗ ನಾಕನೇ ಗೇರ್ ಬಿತ್ತು. ಮೂವತ್ತೊಂದು ವರ್ಷ ಕೇಳೀನಿ."

ಮಸ್ಕಿಯವರೆಗೆ ಇಪ್ಪತ್ತರ ವೇಗದಲ್ಲಿ ಬಂದೆವು. ಚಹದ ಅಂಗಡಿಯಲ್ಲಿ ಕುಳಿತಾಗ ಕಾಕಿಯ ಫೋನು ಬಂತು. ಅವರು ಹೇಗೆ ಓಡಿಸುತ್ತಿದ್ದಾರೆ ಎಂದು ನನ್ನನ್ನು ಕೇಳಿದಳು. ಮೈದಾನದಲ್ಲಿ ಕಲಿತದ್ದು ಸಾರ್ಥಕವಾಯಿತು, ತಪ್ಪಿದವನು ನಾನೇ ಎಂದು ಹೇಳಲು ಬಾಯಿ ತೆರೆದಿದ್ದೆ. ಕಾಕಾ ಕೈ ಮಾಡಿ ತಡೆದ. "ಲಿಂಗಸುಗೂರಿಗೆ ಹೋಗಿ ಫೋನ್ ಹಚ್ತೀವಿ ಅನ್ನು" ಎಂದ. ಹಾಗೇ ಅಂದು ಫೋನು ಇಟ್ಟೆ.

"ನಿನ್ನ ಡೈರಿ ತಂದಿ ಏನು?"

"ತಂದೀನಿ."

"ಬರಕೋ. ನಾನೂ ಎಡಗಾಲ ಒತ್ತೀನಿ. ಗೇರ್ ಇಳಿದು ಗಾಡಿ ಜಗ್ತು. ಹೊಸಾದರ ಕೈಬ್ರೇಕ್ ಛಲೋ ಐತಿ ಅಂತ ನಿಂತೆ."

ಆ ಜಗ್ಗಿದ್ದನ್ನು ನಾನು ನೋಡಿದ್ದೆ, ಬ್ರೇಕು ಎಂದು ತಿಳಿದಿದ್ದೆ. ಪೆನ್ನು ತೆಗೆದೆ, ಬರೆಯಲು ಕೈ ಬರಲಿಲ್ಲ. ಬರೆದರೆ ಕಾಕಿ ಎರಡೂ ಕೀ ಕಸಿದುಕೊಳ್ಳುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು.

"ಬರೀಲೇ. ನನ್ನ ಹಿಂದ ಇವತ್ತು ನೀ ಇದ್ದಿ. ನಾಳೆ ಮುಂದ ಯಾರದರ ಕೂಸು ಇರ್ತದ."

ಬರೆದೆ: ಬ್ರೇಕೆಂದು ಗೇರು ಒತ್ತಿದ್ದು ಕಾಕಾ ಒಂದು, ನಾನು ಒಂದು.

ಲಿಂಗಸುಗೂರಿನಲ್ಲಿ ಗಿರಾಕಿ ನಮಗಿಂತ ಮೊದಲೇ ಬಂದು ಕುಳಿತಿದ್ದ. ಕಾಕಾ ಕೀಯನ್ನು ಆತನ ಕೈಗೆ ಕೊಡದೆ ಮಿಸ್ತ್ರಿಗೆ ಕೊಟ್ಟು ಕೇಳಿದ: "ಇದಕ್ಕ ಸೆಲ್ಫ್ ಕುಂದ್ರಸಾಕ ಆಗ್ತದೇನು? ಇಲ್ಲಾ ಆ ಹೊಸಾದರ ಗೇರ್ ಬಲಕ್ಕ ತರಾಕ?"

ಮಿಸ್ತ್ರಿ ಎರಡೂ ಗಾಡಿಗಳ ಕೆಳಗೆ ಬಗ್ಗಿ ಬಹಳ ಹೊತ್ತು ನೋಡಿದ. "ಹಳೇದರ ಗೇರ್ ಎಡಕ್ಕ ಹಾಕಿ ಕೊಡ್ರಿ ಅಂತ ಭಾಳ ಮಂದಿ ಬಂದಾರ. ಹೊಸಾದರದು ಬಲಕ್ಕ ಹಾಕು ಅಂದವರು ನೀವೊಬ್ರೇ ನೋಡ್ರಿ. ನಾ ಅದನ್ನೂ ಮಾಡಿಲ್ಲ, ಹಳೇದಕ್ಕ ಸೆಲ್ಫೂ ಕುಂದ್ರಿಸಿಲ್ಲ. ಮಾಡ್ತೀನಿ ಅಂತ ಸುಳ್ಳು ಹೇಳಂಗಿಲ್ಲ." ಫೆಬ್ರುವರಿ ಮುಗಿಯುವವರೆಗೆ ಹಳೆಯ ಗಾಡಿಯನ್ನು ಮಾರದೆ ಇಟ್ಟುಕೊಳ್ಳಲು ಒಪ್ಪಿದ. ಅಲ್ಲಿಯವರೆಗೆ ದಾರಿ ಸಿಗದಿದ್ದರೆ ಅದು ಗಿರಾಕಿಯದು. ತಿರುಗಿ ಬರುವಾಗ ಕಾಕಾ ನನ್ನ ಹಿಂದೆ ಕುಳಿತಿದ್ದ.

ಮನೆಯಲ್ಲಿ ಡೈರಿಯ ಆ ಪುಟವನ್ನು ಕಾಕಿಗೆ ಓದಿ ಹೇಳಿದೆ. ಆಕೆ ಬೈಯಲಿಲ್ಲ. ಹೊಸದರ ಕೀಯನ್ನು ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಳು. ನನಗೆ ಬೇಕಾದಾಗ ಕೇಳಿ ತೆಗೆದುಕೊಳ್ಳುತ್ತೇನೆ.

ಇವತ್ತಿಗೆ ಇಪ್ಪತ್ತೊಂದು ದಿನ. ಕಾಕಾನಿಗೆ ಬಂದ ಫೋನು ಹದಿಮೂರು. ನಾನು ಕರೆದೊಯ್ದದ್ದು ನಾಲ್ಕು ಕಡೆ. ಉಳಿದ ಒಂಬತ್ತಕ್ಕೆ ಆತ ಕಟ್ಟೆಯ ಮೇಲೆ ಕುಳಿತೇ ಹೀಗೆ ಮಾಡ್ರಿ, ಹಾಗೆ ಮಾಡ್ರಿ ಎಂದು ಹೇಳಿದ. ಅದರಲ್ಲಿ ಕ್ಯಾಂಪಿನ ಒಂದು ಕರು ಉಳಿಯಲಿಲ್ಲ. ಆತ ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಆ ದಿನ ಕಾಕಾ ಊಟ ಮಾಡಲಿಲ್ಲ.

ಏಳನೇ ಸಾಲಿನ 'ರೂಢಿಯಾಗುತ್ತದೆ' ಎಂಬುದನ್ನು ಹೊಡೆದು ಹಾಕಿದ್ದೇನೆ. ಅಲ್ಲಿ ಏನು ಬರೆಯಬೇಕೆಂದು ಗೊತ್ತಿಲ್ಲ. ಬಲಗಾಲಿನ ಗೇರಿನ ಹಳೆಯ ಗಾಡಿಗೆ ಸೆಲ್ಫ್ ಕೂರಿಸಿದವರು, ಅಥವಾ ಹೊಸ ಗಾಡಿಯ ಗೇರನ್ನು ಬಲಕ್ಕೂ ಬ್ರೇಕನ್ನು ಎಡಕ್ಕೂ ತಂದು ಅದರ ಮೇಲೆ ನಿಜವಾಗಿ ಓಡಾಡಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಯಾರು ಮಾಡಿಕೊಟ್ಟರು, ಎಷ್ಟು ದಿನ ಬಾಳಿಕೆ ಬಂತು, ಅವಸರದಲ್ಲಿ ಕಾಲು ಎಲ್ಲಿಗೆ ಹೋಯಿತು, ಇಷ್ಟು ತಿಳಿದರೆ ಸಾಕು. ಫೆಬ್ರುವರಿ ಮುಗಿಯಲು ಇನ್ನು ಇಪ್ಪತ್ತು ದಿನ ಇದೆ.