ಬ್ಯಾಂಡ್ ಸಾಹೇಬರ ರೀಲು

ಸಾಹೇಬರ ಕೆಳದುಟಿಯ ಒಳಗೆ ಹಲ್ಲು ಒತ್ತಿ ಒತ್ತಿ ಒಂದು ಗಂಟು ಕಟ್ಟಿತ್ತು. ಬಹಳ ಕಾಲ ಕ್ಲಾರಿನೆಟ್ ಊದಿದವರಿಗೆ ಹಾಗಾಗುತ್ತದಂತೆ. ಮಾತಿನ ನಡುವೆ ಅದನ್ನು ನಾಲಿಗೆಯಿಂದ ತಡವಿಕೊಳ್ಳುತ್ತಿದ್ದರು. ಆಗ ಅವರ ಮುಖ ಏನನ್ನೋ ನುಂಗಲಾರದವರ ಹಾಗೆ ಕಾಣುತ್ತಿತ್ತು.

ನಾನು ಶಿರಾದ ಪ್ರೈಮರಿ ಶಾಲೆಗೆ ಮೇಷ್ಟ್ರಾಗಿ ಬಂದಾಗ ಅವರ ಪಕ್ಕದ ಕೋಣೆಯನ್ನೇ ಬಾಡಿಗೆಗೆ ಹಿಡಿದೆ. ಸಂಜೆ ಅವರ ಜಗಲಿಯಲ್ಲಿ ಕೂತು ಕೂತು, ಕೊನೆಗೆ ನನಗೂ ಕ್ಲಾರಿನೆಟ್ ಕಲಿಸಿ ಎಂದು ಕೇಳಿದೆ. ಹಣೆಗೆ ವಿಭೂತಿ ಇಡುವ ಮನೆಯವನು ನಾನು. ಮಾರನೆಯ ದಿನ ಸಾಹೇಬರು ವಾದ್ಯದ ತುದಿಗೆ ಸಿಕ್ಕಿಸಿ ಬಾಯಿಗಿಡುವ ಹೊಸ ಪೀಪಿಯನ್ನು ನನಗೆಂದೇ ತಂದಿಟ್ಟಿದ್ದರು, ತಮ್ಮ ಎಂಜಲು ತಾಗದಿರಲಿ ಎಂದು. ನಾನು ಅದನ್ನು ಕೇಳಿರಲಿಲ್ಲ. ಅವರು ಅದರ ಮಾತೂ ಎತ್ತಲಿಲ್ಲ.

ಮದುವೆ ಮೆರವಣಿಗೆಯಲ್ಲಿ ಅವರ ಬ್ಯಾಂಡು ಏನೇ ನುಡಿಸಲಿ, ಮನೆಬಾಗಿಲು ಬಂದಾಗ ಒಂದು ಮಟ್ಟು ಬಂದೇ ಬರುತ್ತಿತ್ತು. ಅದು ಐರ್ಲೆಂಡಿನವರು ಕುಣಿಯುವ ಮಟ್ಟು, ಅದಕ್ಕೆ ರೀಲು ಎನ್ನುತ್ತಾರೆ ಎಂದು ಅವರೇ ಹೇಳಿದ್ದು. ಮೊದಲ ಜರ್ಮನ್ ಯುದ್ಧದಲ್ಲಿ ಇವರಿದ್ದ ಪಲ್ಟಣದ ಬ್ಯಾಂಡಿನವರನ್ನು ಗಾಯಾಳುಗಳನ್ನು ಹೊರಲು ಹಾಕಿದ್ದರಂತೆ. ಇರಾಕಿನ ಬಸ್ರಾದ ಆಸ್ಪತ್ರೆಯಲ್ಲಿ ಎದೆಗೆ ಗುಂಡು ತಾಗಿದ್ದ ಐರಿಷ್ ಸಿಪಾಯಿಯೊಬ್ಬ ಮಲಗಿದಲ್ಲೇ ಗುನುಗಿ ಅದನ್ನು ಇವರಿಗೆ ಕಲಿಸಿದ. ಕಲಿಸಿದ ಮೇಲೆ ಹೆಚ್ಚು ದಿನ ಬದುಕಲಿಲ್ಲ.

“ಅವ್ನು ನಂಬಿ ಕೊಟ್ಟೋದ ಅಮಾನತ್ತು ಅದು ಮೇಷ್ಟ್ರೇ. ಅವ್ನು ಹೆಂಗೆ ಹೇಳ್ಕೊಟ್ನೋ ಅಂಗೇ ಇರ್ಬೇಕು,” ಎನ್ನುತ್ತಿದ್ದರು. ಎರಡನೆಯ ಸಾಲಿನ ನಡುವೆ ಮಟ್ಟು ಗಕ್ಕನೆ ನಿಂತು, ಚಿಟಿಕೆ ಹೊಡೆಯುವಷ್ಟು ಹೊತ್ತಿನ ಮೇಲೆ ಮತ್ತೆ ಹೊರಡುತ್ತಿತ್ತು. ಅದರ ಸೊಗಸೆಲ್ಲ ಆ ನಿಲುಗಡೆಯಲ್ಲೇ ಇದೆ ಎಂದು ನಾವು ನಂಬಿದ್ದೆವು.

ಅವರಿಗೆ ಒಬ್ಬನೇ ಮಗ. ಅವನೂ ಕ್ಲಾರಿನೆಟ್ ಊದುತ್ತಿದ್ದ. ಬೆಂಗಳೂರು ದಂಡಿನಲ್ಲಿ ಕೆಲವು ಕಾಲ ಇದ್ದು ಬಂದವನು, ಒಂದು ದಿನ ಬ್ಯಾಂಡಿನವರೆಲ್ಲರ ಎದುರಿಗೆ ಆ ರೀಲನ್ನು ಎಲ್ಲೂ ನಿಲ್ಲಿಸದೆ, ನೀರು ಹರಿದ ಹಾಗೆ ನುಡಿಸಿದ.

“ದಂಡಲ್ಲಿ ಗೋರಾಗಳು ಇಂಗೇ ನುಡಿಸ್ತಾರೆ ಅಬ್ಬಾ. ನಡುವೆ ನಿಲ್ಲೋದು ತಪ್ಪಂತೆ,” ಎಂದ.

ಸಾಹೇಬರು ಎದ್ದು ಹೋಗಿ ಬಾಯಿಗೇ ಹೊಡೆದರು. ಊದುವವನ ತುಟಿ ಒಡೆಯಿತು. ಹುಡುಗ ರಕ್ತ ಒರೆಸಿಕೊಂಡು, “ಆಯ್ತು ಅಬ್ಬಾ,” ಎಂದಷ್ಟೇ ಹೇಳಿ ಹೊರಗೆ ಹೋದ. ಹೋದವನು ಸೈನ್ಯ ಸೇರಿ ಮಲಯಾಕ್ಕೆ ಹೋದ. ಜಪಾನಿನವರ ಸೆರೆಯಲ್ಲಿ ಜ್ವರ ಬಂದು ತೀರಿಕೊಂಡನೆಂಬ ಸುದ್ದಿ ಯುದ್ಧ ಮುಗಿದ ಮೇಲೆ ಶಿರಾಕ್ಕೆ ಬಂತು.

ಸಾಹೇಬರು ಜನರ ಎದುರಿಗೆ ಅಳಲಿಲ್ಲ. ಆದರೆ ಮಧುಗಿರಿಗೆ ಬಂದು ಹೋಗುವ ಮಿಷನ್ ಡಾಕ್ಟರಮ್ಮ ಐರ್ಲೆಂಡಿನವರೆಂದು ಯಾರಿಂದಲೋ ತಿಳಿದು, ನನ್ನ ಬಾಗಿಲಿಗೆ ಬಂದರು.

“ನನ್ ಜೊತೆ ಬನ್ನಿ ಮೇಷ್ಟ್ರೇ. ಯಾರ ಧಾಟಿ ಸರಿ ಅಂತ ಗೊತ್ತಾಗ್ಬೇಕು. ನಾನು ಹೊಡೆದಿದ್ದು ನ್ಯಾಯಾನೋ ಅಲ್ವೋ.”

ಇದ್ದಿಲು ಉರಿಸಿ ಓಡಿಸುವ ಆಗಿನ ಬಸ್ಸಿನಲ್ಲಿ ಹೋದೆವು. ರೋಗಿಗಳೆಲ್ಲ ಹೋಗುವತನಕ ಕಾದು, ಸಾಹೇಬರು ಎರಡು ಧಾಟಿಯನ್ನೂ ನುಡಿಸಿದರು. ಮೊದಲು ತಮ್ಮದು, ಆಮೇಲೆ ಮಗನದು. ಡಾಕ್ಟರಮ್ಮ ಕಣ್ಣು ಮುಚ್ಚಿ ಕೇಳಿದರು.

“ಊರೂರಿಗೆ ಬೇರೆ ಬೇರೆ ಧಾಟಿ ಇದೆ. ನಮ್ಮ ಊರಲ್ಲಿ ಮುಗಿಸುವುದೇ ಇನ್ನೊಂದು ಥರ,” ಎಂದರು ತಮ್ಮ ತೊಡಕುಗನ್ನಡದಲ್ಲಿ. “ಆದರೆ ಎಲ್ಲಿಯೂ ನಡುವೆ ನಿಲ್ಲಿಸುವುದಿಲ್ಲ. ಕುಣಿಯುವವರು ಏನು ಮಾಡಬೇಕು? ನಿಮಗೆ ಯಾರು ಕಲಿಸಿದರು?”

“ಬಸ್ರಾ ಆಸ್ಪತ್ರೇಲಿ ಒಬ್ಬ ಸಿಪಾಯಿ, ತಾಯಿ. ಎದೆಗೆ ಗುಂಡು ಬಿದ್ದಿತ್ತು.”

ಡಾಕ್ಟರಮ್ಮ ಎರಡನೆಯ ಸಾಲನ್ನು ಆ ನಿಲುಗಡೆಯವರೆಗೆ ತಾವೇ ಗುನುಗಿದರು. ಆಮೇಲೆ ಮೆಲ್ಲಗೆ ಹೇಳಿದರು: “ಅವನಿಗೆ ಅಲ್ಲಿ ಉಸಿರು ಸಾಲಲಿಲ್ಲ.”

ವಾಪಸು ಬರುವಾಗ ಬಸ್ಸು ಬಡವನಹಳ್ಳಿ ದಾಟಿತು. ಆಗ ಸಾಹೇಬರು, “ಹುಡ್ಗ ಸರಿಯಾಗೇ ನುಡಿಸಿದ್ದ,” ಎಂದರು.

ಬ್ಯಾಂಡಿನವರನ್ನು ಕೂರಿಸಿಕೊಂಡು ಮಗನ ಧಾಟಿಯನ್ನು ಚೆನ್ನಾಗಿ ಅಭ್ಯಾಸ ಮಾಡಿಸಿದರು. ತಾವರೆಕೆರೆಯ ಒಂದು ಮದುವೆಯಲ್ಲಿ ಅದನ್ನು ನುಡಿಸುವುದೆಂದಾಯಿತು. ನಾನೂ ಹೋಗಿದ್ದೆ. ಮನೆಬಾಗಿಲಲ್ಲಿ ರೀಲು ಶುರುವಾಯಿತು. ಎರಡನೆಯ ಸಾಲಿನ ನಡುವೆ, ಅದೇ ಜಾಗಕ್ಕೆ ಬಂದಾಗ, ಇಡೀ ಬ್ಯಾಂಡು ನಿಂತುಹೋಯಿತು. ಎಲ್ಲರಿಗಿಂತ ಮೊದಲು ನಿಂತದ್ದು ಸಾಹೇಬರ ಕ್ಲಾರಿನೆಟ್ಟೇ. ಮದುವೆಯವರಿಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಉಳಿದವರು ಮುಂದುವರಿಸಿದರು. ಸಾಹೇಬರು ವಾದ್ಯವನ್ನು ಪೆಟ್ಟಿಗೆಗೆ ಹಾಕಿ, ಊಟಕ್ಕೂ ನಿಲ್ಲದೆ ಶಿರಾ ದಾರಿ ಹಿಡಿದು ನಡೆದರು. ಆಮೇಲೆ ಅವರು ಊದಲಿಲ್ಲ.

ಆ ಬೇಸಗೆಯಲ್ಲಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತಿದ್ದಾಗ, ಏನಾದರೂ ನುಡಿಸಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದರು. ಆಮೇಲೆ ಅವರೇ ಕೇಳಿದರು:

“ಇಸ್ಕೂಲಲ್ಲಿ ಮಕ್ಳಿಗೆ ಹೊಡೀತೀರಾ ಮೇಷ್ಟ್ರೇ?”

“ಹೊಡೆಯುತ್ತೇನೆ ಸಾಹೇಬರೇ. ಎಲ್ಲ ಮೇಷ್ಟ್ರುಗಳ ಹಾಗೇ.”

“ಬಾಯಿಗೆ ಮಾತ್ರ ಹೊಡೀಬ್ಯಾಡಿ.”

ಅದೇ ವಾರ ತೀರಿಕೊಂಡರು. ನಾನೂ ಹೋಗಿ ಮಣ್ಣು ಹಾಕಿ ಬಂದೆ. ಮರುದಿನ ಶಾಲೆಯಲ್ಲಿ ಮಗ್ಗಿ ತಪ್ಪಿದ ಹುಡುಗನೊಬ್ಬ, ನಾನು ಕರೆಯುವ ಮೊದಲೇ ಎದ್ದು ಬಂದು ಕೈ ಚಾಚಿ ನಿಂತ. ನಾನು ಬೆತ್ತ ತೆಗೆದುಕೊಳ್ಳಲಿಲ್ಲ. ಹೋಗಿ ಕೂತುಕೋ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಬಹಳ ಹೊತ್ತು ಕೈ ಚಾಚಿಕೊಂಡೇ ನಿಂತಿದ್ದ.