ಚರಗ ಚೆಲ್ಲಿದ ಕೈ

ಲಕ್ವ ಹೊಡೆದ ಮೇಲೆ ಅಕ್ಕ ಹೊನ್ನಾಳಿಯ ನಮ್ಮ ಮನೆಗೆ ಬಂದಳು. ಜಗಳೂರು ಕಡೆಯ ಅವಳ ಹಳ್ಳಿಯಿಂದ ಆಸ್ಪತ್ರೆಗೆ ಓಡಾಡುವುದು ಕಷ್ಟ. ಭಾವ ಹೊಲ ನೋಡಿಕೊಂಡು ಆಗಾಗ ಬಂದು ಹೋಗುತ್ತಿದ್ದರು. ಕಾಲು ಬೇಗ ಸರಿಹೋಯಿತು, ಮಾತೂ ಸರಿಹೋಯಿತು. ಬಲಗೈ ಮಾತ್ರ ಬರಲಿಲ್ಲ. ಬೆರಳು ಮಡಿಸಿದರೆ ಬಿಚ್ಚಲಾಗದು, ಬಿಚ್ಚಿದರೆ ಮಡಿಸಲಾಗದು.

ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದಳು, ಅದೂ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು. ಮದುವೆ, ಗೃಹಪ್ರವೇಶ ಅಂತ ಯಾರು ಕರೆದರೂ ಹೊಟ್ಟೆ ಸರಿಯಿಲ್ಲ ಅನ್ನುವಳು. ಎಡಗೈಲಿ ಉಣ್ಣುವುದನ್ನು ನಾಲ್ಕು ಜನ ನೋಡಬಾರದು, ಅಷ್ಟೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಸ್ವಲ್ಪ ದಿನ ಮಾಡಿ ಬಿಟ್ಟಳು. ಒತ್ತಾಯ ಮಾಡಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಹಿಂಗೇ ಬಿಟ್ಟರೆ ಕೈ ಜೊತೆಗೆ ಮನುಷ್ಯಳೂ ಹೋಗುತ್ತಾಳೆ ಅಂತ ನನಗೆ ಹೆದರಿಕೆ.

ನಮ್ಮ ಹಿತ್ತಿಲಿನಾಚೆ ಒಂದು ಖಾಲಿ ಸೈಟಿತ್ತು. ಪಾರ್ಥೇನಿಯಂ ಆಳೆತ್ತರ ಬೆಳೆದು, ಬೀದಿಯವರೆಲ್ಲ ಕಸ ಎಸೆದು, ಹಂದಿಗಳಿಗೆ ಮನೆಯಾಗಿತ್ತು. ಅಕ್ಕಪಕ್ಕದ ಹೆಂಗಸರು ಸೇರಿ, ಸೈಟಿನ ಮಾಲೀಕರನ್ನು ಕೇಳಿಕೊಂಡು, ತರಕಾರಿ ಬೆಳೆಯೋಣವೆಂದು ಹೊರಟೆವು. ಗಂಡಸರು ಒಂದೇ ಬಾಯಲ್ಲಿ ಅಡಿಕೆ ಸಸಿ ಇಡಿ ಅಂದರು. ಬೀದಿ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವಾಕೆಯ ನಾಲಿಗೆ ಸ್ವಲ್ಪ ಚೂಪು. ಆಯ್ತು, ಅಡಿಕೆ ಸಾರು ಮಾಡಿ ಬಡಿಸ್ತೀವಿ, ಉಣ್ರಿ ಅಂದಳು. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಆದರೆ ನಾವೇನು ಕಡಿಮೆ? ನಮ್ಮ ಕಡೆ ಅಡಿಕೆ ಬಿಟ್ಟು ಬೇರೆ ಯೋಚನೆ ತಲೆಗೆ ಬರುವುದಿಲ್ಲ. ಕೆರೆಬಿಳಚಿಯಿಂದ ನೆಂಟರೊಬ್ಬರ ಟ್ರ್ಯಾಕ್ಟರಿನಲ್ಲಿ ಹಳೇ ಅಡಿಕೆ ಸಿಪ್ಪೆ ತರಿಸಿ, ಒಳ್ಳೇ ಗೊಬ್ಬರ ಅಂತ ಬೀಜ ಹಾಕಿದ ಮಡಿಗಳ ಮೇಲೆ ಹಾಸಿಗೆಯಂತೆ ದಪ್ಪಗೆ ಹಾಸಿಬಿಟ್ಟೆವು. ಮಳೆ ಬಂತು, ಬಿಸಿಲು ಬಂತು, ಒಂದು ಮೊಳಕೆಯೂ ತಲೆ ಎತ್ತಲಿಲ್ಲ. ಬೀಜ ಕೊಟ್ಟ ಅಂಗಡಿಯವನನ್ನು ಬೈದುಕೊಂಡೆವು.

ಹಿತ್ತಿಲ ಬಾಗಿಲಲ್ಲಿ ಕೂತು ದಿನಾ ನೋಡುತ್ತಿದ್ದ ಅಕ್ಕನಿಗೆ ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಎದ್ದು ಬಂದವಳೇ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಎಡಗೈಯಿಂದ ಸಿಪ್ಪೆ ಬಾಚತೊಡಗಿದಳು. ಅಡಿಯಲ್ಲಿ ಹರಿವೆ ಮೊಳಕೆಗಳು ಬಿಳಿಚಿಕೊಂಡು, ದಾರಿ ಕಾಣದೆ ಅಡ್ಡಡ್ಡ ಚಾಚಿಕೊಂಡಿದ್ದವು.

"ಉಸಿರಾಡಾಕೂ ಬಿಡಲ್ವಲ್ರೇ ನೀವು," ಅಂದಳು.

ಮೊಳಕೆಗೆ ತಾಗದಂತೆ ಸಿಪ್ಪೆ ಬಿಡಿಸಲು ಒಂದು ಕೈ ಸಾಲದು. ಯಾವಾಗ ಬಲಗೈಯೂ ಮಣ್ಣಿಗೆ ಇಳಿಯಿತೋ ನಾನು ನೋಡಲಿಲ್ಲ, ಅವಳೂ ನೋಡಿಕೊಳ್ಳಲಿಲ್ಲ.

ಅಂದಿನಿಂದ ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಅವಳು ಮಡಿಗಳ ನಡುವೆ. ಮಣ್ಣೊಳಗಿರುವ ಕೈ ಎಡವೋ ಬಲವೋ ಯಾರಿಗೂ ಕಾಣುವುದಿಲ್ಲ. ಮೊದಲು ಕಳೆ ಹಿಡಿದು ಎಳೆಯಲು ಬಂತು, ಆಮೇಲೆ ಒತ್ತಾದ ಸಸಿ ಕೀಳಲು, ಮಳೆಗಾಲ ಕಳೆಯುವ ಹೊತ್ತಿಗೆ ಹೀರೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟಲೂ ಬಂತು. ಗಂಟು ಸಡಿಲ, ಆದರೂ ಗಂಟೇ. ಇಷ್ಟು ವರ್ಷ ಗೇಟಿನಿಂದಲೇ ತಲೆಯಾಡಿಸಿ ಒಳಗೆ ಹೋಗುತ್ತಿದ್ದ ನಾವು ಬೆಂಡೆಕಾಯಿ ಹಂಚಿಕೊಳ್ಳುವ ನೆಪದಲ್ಲಿ ಸೊಸೆ, ಸೊಂಟನೋವು, ಸೀರೆ ಎಲ್ಲ ಹಂಚಿಕೊಂಡೆವು. ಅಕ್ಕ ರಾತ್ರಿ ಗೊರಕೆ ಹೊಡೆಯುವಷ್ಟು ನಿದ್ದೆ ಮಾಡತೊಡಗಿದಳು. ಊಟದ ಹೊತ್ತಿಗೆ ಮಾತ್ರ ಅದೇ ಮುಚ್ಚಿದ ಬಾಗಿಲು.

ಭೂಮಿ ಹುಣ್ಣಿಮೆ ಬಂತು. ಬಸುರಿ ಭೂಮಿತಾಯಿಗೆ ಬಯಕೆ ಊಟ ಹಾಕುವ ಹಬ್ಬ. ನಮ್ಮ ಸೈಟಿನಲ್ಲೇ ಮಾಡಿ, ಅಲ್ಲೇ ಉಣ್ಣುವುದೆಂದು ಎಲ್ಲರೂ ತೀರ್ಮಾನಿಸಿದರು. ಅಲ್ಲೇ ಬೆಳೆದ ಹರಿವೆ, ಹೀರೆ, ಬೆಂಡೆ ಬೇಯಿಸಿ, ಅನ್ನ ಕಲಸಿ ಚರಗ ಮಾಡಿದೆವು. ಅದನ್ನು ಹಿರಿಯ ಹೆಂಗಸು ಬಲಗೈಯಿಂದಲೇ ಬೆಳೆಗೆ ಚೆಲ್ಲಬೇಕು. ನಮ್ಮಲ್ಲಿ ಹಿರಿಯಳು ಅಕ್ಕ. ಪೂಜೆ ಮುಗಿಸಿದ ಗಿರಣಿಯಾಕೆ ಏನೂ ಯೋಚಿಸದೆ ಚರಗದ ಬುಟ್ಟಿಯನ್ನು ಅವಳ ಮುಂದಿಟ್ಟಳು. ಎಲ್ಲರೂ ಅಕ್ಕನನ್ನೇ ನೋಡಿದರು.

ನಾನು ಚೆಲ್ತೀನಿ ಅಂತ ಬುಟ್ಟಿಗೆ ಕೈ ಹಾಕಿದೆ.

"ಬಿಡೇ," ಅಂದಳು ಅಕ್ಕ. "ನನಗೂ ಕೈ ಐತೆ."

ಬುಟ್ಟಿಯನ್ನು ಎಡಸೊಂಟಕ್ಕೆ ಒತ್ತಿಕೊಂಡು, ಬಲಗೈಯಲ್ಲಿ ಒಂದು ಹಿಡಿ ಎತ್ತಿ ಬೀಸಿದಳು. ಬೆರಳು ಹೊತ್ತಿಗೆ ಸರಿಯಾಗಿ ಬಿಚ್ಚಲಿಲ್ಲ. ಚರಗವೆಲ್ಲ ಅವಳ ಹೊಸ ಸೀರೆಯ ಮೇಲೆಯೇ ಬಿತ್ತು.

"ಬಯಕೆ ಭೂಮ್ತಾಯಿಗೋ ನಿಮಗೋ?" ಅಂದಳು ಗಿರಣಿಯಾಕೆ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎರಡನೇ ಹಿಡಿ ಎತ್ತಿದಳು. ಈ ಸಲ ಅದು ಹೀರೆ ಚಪ್ಪರ ದಾಟಿ, ಬೆಂಡೆ ಸಾಲಿನ ಆಚೆಗೆ ಬಿತ್ತು. ಮೂರನೆಯದು, ನಾಲ್ಕನೆಯದು ಚೆಲ್ಲುತ್ತ ಚೆಲ್ಲುತ್ತ ಸೈಟಿನ ನಾಲ್ಕೂ ಮೂಲೆ ಸುತ್ತಿ ಬುಟ್ಟಿ ಖಾಲಿ ಮಾಡಿಯೇ ಬಂದಳು.

ಕೈ ತೊಳೆದುಕೊಂಡು ನೇರ ಪಂಕ್ತಿಗೆ ಬಂದು ಎಲೆಯ ಮುಂದೆ ಕೂತಳು. ಬಲಗೈಯಲ್ಲೇ ಕಲಸಿದಳು. ಅರ್ಧ ಬಾಯಿಗೆ, ಅರ್ಧ ಎಲೆಗೆ. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಮಿಕ್ಕವರು ಏಳುವುದು ನಮ್ಮಲ್ಲಿಲ್ಲ. ಎಲ್ಲರ ಊಟ ಮುಗಿದು ಕೈ ಒಣಗಿದರೂ ಅಕ್ಕ ತಲೆ ಎತ್ತಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕೊನೆಗೆ ಬಡಿಸುತ್ತಿದ್ದ ಗಿರಣಿಯಾಕೆ ಸಾಕಾ ಅಂತ ಕೇಳಿದಳು.

"ಪಲ್ಯಕ್ಕೆ ಉಪ್ಪು ಕಡಿಮೆ ಐತೆ," ಅಂದಳು ಅಕ್ಕ. "ಇರಲಿ, ಇನ್ನೊಂದು ಸೌಟು ಹಾಕು."

ಒಣಗಿದ ಕೈಗಳನ್ನು ಎಲೆಯ ಮೇಲಿಟ್ಟುಕೊಂಡು ನಾವೆಲ್ಲ ಮತ್ತಷ್ಟು ಹೊತ್ತು ಕೂತೆವು.